ದೊಡ್ಡಮನೆಗೂ ಕೋಡುಬಳೆ ಮನೆಗೂ ನಡುವೆ

ತುಂಗಕ್ಕ ಮತ್ತು ಸೀಬಮ್ಮ ಒಂಬತ್ತು ವರ್ಷದ ಜಗಳ ಬಿಟ್ಟ ಮರುದಿನ, ಸೋಮವಾರವೇ, ನಮ್ಮೂರು ಗಿರಗಿರ ತಿರುಗಿದ್ದು. ಅವರಿಬ್ಬರು ಜಗಳವಾಡಿಕೊಂಡೇ ಇದ್ದಿದ್ದರೆ ಯಾರ ಕೂದಲೂ ಕೊಂಕುತ್ತಿರಲಿಲ್ಲ. ಆದರೆ ಅವರು ರಾಜಿಯಾದರು, ಆ ರಾಜಿಯನ್ನು ಕಂಪ್ಯೂಟರಿಗೆ ಏರಿಸಿದವಳು ನಾನು. ಆದ್ದರಿಂದ ಈ ಕಥೆಯನ್ನು ಹೇಳಬೇಕಾದವಳೂ ನಾನೇ.

ನಮ್ಮೂರಿನಲ್ಲಿ ಬೀದಿಗಳಿಲ್ಲ. ಮನೆಗಳಿವೆ, ಒಟ್ಟು ಆರುನೂರ ನಲವತ್ತು. ಒಂದೊಂದು ಮನೆಗೂ ಒಂದೇ ಬಾಗಿಲು, ಬಾಗಿಲ ಪಕ್ಕದ ಗೋಡೆಯಲ್ಲಿ ಅಂಗೈ ಅಗಲದ ಒಂದು ಕಂಪ್ಯೂಟರ್. ಹೋಗಬೇಕಾದ ಮನೆಯ ಹೆಸರನ್ನು ಅದರಲ್ಲಿ ಒತ್ತಿ ಬಾಗಿಲು ತೆಗೆದರೆ ಎದುರಿಗೆ ಆ ಮನೆಯ ಪಡಸಾಲೆ. ಅಂಗಡಿಯಾದರೆ ಅಂಗಡಿ, ಶಾಲೆಯಾದರೆ ಶಾಲೆ. ಮನೆಯ ಯಜಮಾನಿಗೆ ವಾಪಸು ಹೋಗಲು ಹೆಸರೂ ಬೇಡ. ತನ್ನ ಬೀಗದ ಕೈಯನ್ನು ಯಾವ ಬಾಗಿಲಿಗೆ ಹಾಕಿ ತಿರುಗಿಸಿದರೂ ಅವಳ ಮನೆಯೇ ತೆರೆದುಕೊಳ್ಳುತ್ತದೆ. ಒಂದು ಮನೆಗೆ ಒಂದೇ ಬೀಗದ ಕೈ, ಅದು ಯಾವಾಗಲೂ ಯಜಮಾನಿಯ ಸೆರಗಿನ ತುದಿಯಲ್ಲಿ. ಮಿಕ್ಕವರೆಲ್ಲ ಹೆಸರು ಒತ್ತಿಯೇ ಮನೆ ಸೇರಬೇಕು. ಹೊರಗಿನಿಂದ ಬಂದವರು ನಕ್ಷೆ ಕೇಳಿದರೆ ನಾವು ಒಬ್ಬರ ಮುಖ ಒಬ್ಬರು ನೋಡಿಕೊಳ್ಳುತ್ತೇವೆ.

ಹೀಗಾಗಿ ನಮ್ಮಲ್ಲಿ ಹೆಸರೇ ದಾರಿ. ಪಾಯ ಹಾಕಿದ ದಿನ ಮನೆಗೆ ಒಂದು ಅಸಲು ಹೆಸರು ಇಡುತ್ತಾರೆ. ಅದು ಉದ್ದವಾಗಿರುತ್ತದೆ, ಬದಲಾಗುವುದಿಲ್ಲ, ಬಾಗಿಲಿಗೆ ನಿಜವಾಗಿ ಅರ್ಥವಾಗುವುದು ಅದೊಂದೇ. ನಾನು ಹುಟ್ಟಿದ ಮನೆಯ ಅಸಲು ಹೆಸರು 'ತೆಂಕಣಗಾಳಿ ಒಂಟಿಬೇವು ಎರಡುಮೆಟ್ಟಿಲು'. ಇಷ್ಟುದ್ದ ಯಾರು ಒತ್ತುತ್ತಾರೆ? ಅದಕ್ಕೇ ಅಡ್ಡಹೆಸರುಗಳು: ಬೆಕ್ಕಿನ ಮನೆ, ಕೆಮ್ಮಿನ ಮೇಷ್ಟ್ರು, ಮೂಲೆ ಅಂಗಡಿ. ಅಡ್ಡಹೆಸರಿಗೆ ಇನ್ನೊಂದು ಅಡ್ಡಹೆಸರು, ಅದಕ್ಕೆ ಮತ್ತೊಂದು. ಯಾವ ಅಡ್ಡಹೆಸರಿನ ಹಿಂದೆ ಯಾವ ಅಸಲು ಹೆಸರಿದೆ ಎಂದು ಹುಡುಕಿ ಬಾಗಿಲಿಗೆ ಹೇಳುವುದು ನಮ್ಮ ಹೆಸರು ಕಚೇರಿಯ ಕೆಲಸ.

ಕಚೇರಿಯಲ್ಲಿ ಇದ್ದದ್ದು ಇಬ್ಬರೇ. ಒಬ್ಬರು ಪುಟ್ಟಸ್ವಾಮಯ್ಯನವರು, ಮೂವತ್ತೆರಡು ವರ್ಷದಿಂದ ಅದೇ ಕುರ್ಚಿಯಲ್ಲಿ ಕೂತವರು. ಇನ್ನೊಬ್ಬಳು ನಾನು, ವಾರಿಜ. ಹಿಂದೆಲ್ಲ ಅವರು ದಪ್ಪ ಪುಸ್ತಕದಲ್ಲಿ ಬೆರಳಾಡಿಸಿ ಹೆಸರು ಹುಡುಕಿ ಬಾಗಿಲುಗಳಿಗೆ ಕಳಿಸುತ್ತಿದ್ದರಂತೆ. ಪುಸ್ತಕಕ್ಕೆ ಗೆದ್ದಲು ಹಿಡಿಯಿತು. ಉಳಿದದ್ದನ್ನೆಲ್ಲ ಕಂಪ್ಯೂಟರಿಗೆ ಏರಿಸಿ, ಊರಿನ ಬಾಗಿಲುಗಳನ್ನೆಲ್ಲ ನೆಟ್‌ವರ್ಕಿಗೆ ಸೇರಿಸಿ, ನಾನು ಒಂದು ಪ್ರೋಗ್ರಾಂ ಬರೆದೆ. ಬರೀ ನಲವತ್ತೊಂದು ಸಾಲು. ಯಾವುದಾದರೂ ಹೆಸರು ಕೊಟ್ಟರೆ ಅದು ಅಸಲೋ ಅಡ್ಡವೋ ಎಂದು ನೋಡುತ್ತದೆ. ಅಡ್ಡಹೆಸರಾದರೆ ಯಾವುದರ ಅಡ್ಡಹೆಸರು ಎಂದು ಕೇಳುತ್ತದೆ. ಸಿಕ್ಕಿದ್ದೂ ಅಡ್ಡಹೆಸರೇ ಆದರೆ ಮತ್ತೆ ಕೇಳುತ್ತದೆ. ಅಸಲು ಹೆಸರು ಸಿಗುವ ತನಕ ಬಿಡದೆ ಕೇಳುತ್ತಲೇ ಇರುತ್ತದೆ. ಒಂದೊಂದು ಸಲ ಕೇಳಿದಾಗಲೂ ಹೋಗುವವರು ಒಂದೊಂದು ಹೊಸಿಲು ದಾಟಬೇಕು. ಎರಡು ಹೊಸಿಲುಗಳ ನಡುವೆ ನಾಲ್ಕು ಹೆಜ್ಜೆಯ ಒಂದು ಪುಟ್ಟ ಕೋಣೆ. ಮೂರು ಅಡ್ಡಹೆಸರಿದ್ದರೆ ಮೂರು ಕೋಣೆ ದಾಟಿ ಮನೆ ಸೇರಿದರಾಯಿತು. ನನ್ನ ನಲವತ್ತೊಂದು ಸಾಲಿನ ಮೇಲೆ ನನಗೆ ಎಷ್ಟು ಹೆಮ್ಮೆಯೆಂದರೆ ಅದನ್ನು ಅಚ್ಚು ಹಾಕಿಸಿ ಗೋಡೆಗೆ ತೂಗುಹಾಕಿದ್ದೆ.

ಇನ್ನು ತುಂಗಕ್ಕ, ಸೀಬಮ್ಮ. ಇಬ್ಬರೂ ಓರಗಿತ್ತಿಯರು, ಅಣ್ಣತಮ್ಮಂದಿರನ್ನು ಮದುವೆಯಾದವರು. ಹಿರಿಯಳಾದ ತುಂಗಕ್ಕನ ಮನೆಗೆ ದೊಡ್ಡಮನೆ ಎಂಬ ಅಡ್ಡಹೆಸರು, ಕಿರಿಯಳಾದ ಸೀಬಮ್ಮನ ಮನೆಗೆ ಕೋಡುಬಳೆ ಮನೆ ಎಂಬ ಅಡ್ಡಹೆಸರು. ಜಗಳ ಹುಟ್ಟಿದ್ದು ಇಲ್ಲೇ. "ಕೋಡುಬಳೆ ಹದ ಕಲಿಸಿದ್ದು ನಾನು, ಹೆಸರು ಹೊಡೆದದ್ದು ಅವಳು" ಎಂದು ತುಂಗಕ್ಕ. "ದೊಡ್ಡಮನೆ ಅಂತ ಹೆಸರಿಟ್ಕೊಂಡ್ರೆ ಆಯ್ತಾ, ಮನಸ್ಸೂ ದೊಡ್ಡದಿರ್ಬೇಕು" ಎಂದು ಸೀಬಮ್ಮ. ಒಂಬತ್ತು ವರ್ಷ ಒಬ್ಬರ ಹೊಸಿಲನ್ನು ಇನ್ನೊಬ್ಬರು ತುಳಿಯಲಿಲ್ಲ. ಕೊನೆಗೆ ಸೀಬಮ್ಮನ ಮಗಳು ಇಂದುಮತಿ ಚೊಚ್ಚಲ ಬಾಣಂತನಕ್ಕೆ ತವರಿಗೆ ಬಂದವಳು, "ನಂಗೆ ದೊಡ್ಡಮ್ಮ ಮಾಡಿದ ಕೋಡುಬಳೇನೇ ಬೇಕು" ಎಂದು ಹಠ ಹಿಡಿದಳಂತೆ. ಬಸುರಿಯ ಬಯಕೆ, ಯಾರು ತಾನೇ ಇಲ್ಲವೆನ್ನುತ್ತಾರೆ? ತುಂಗಕ್ಕ ಒಂದು ಡಬ್ಬಿ ತುಂಬ ಕರಿದು ತಾನೇ ತಂದುಕೊಟ್ಟಳು. ಡಬ್ಬಿ ತೆಗೆದ ಸೀಬಮ್ಮ ಒಂದು ಚೂರು ಬಾಯಿಗಿಟ್ಟುಕೊಂಡು ಅತ್ತಳು. ಅವಳು ಅತ್ತದ್ದನ್ನು ನೋಡಿ ತುಂಗಕ್ಕನೂ ಅತ್ತಳು.

ಮಾರನೆಯ ದಿನ, ಸೋಮವಾರ ಬೆಳಿಗ್ಗೆ ಹತ್ತು ಗಂಟೆಗೆ ಸೀಬಮ್ಮ ಕಚೇರಿಗೆ ಬಂದಳು.

"ವಾರಿಜಾ, ಇನ್ಮೇಲೆ ಯಾರಾದ್ರೂ ಕೋಡುಬಳೆ ಮನೆ ಅಂತ ಒತ್ತಿದ್ರೆ ನಮ್ಮಕ್ಕನ ದೊಡ್ಡಮನೆಗೆ ಕಳ್ಸಮ್ಮ. ಆ ಹೆಸ್ರು ಅವಳ್ದು. ಒಂಬತ್ತು ವರ್ಷ ನಾನು ಸುಮ್ನೆ ಇಟ್ಕೊಂಡಿದ್ದೆ."

"ಮತ್ತೆ ನಿಮ್ಮನೆಗೆ ಏನು ಹೆಸರಿಡ್ಲಿ ಸೀಬಮ್ಮ?"

"ನಾಳೆ ಬಂದು ಹೇಳ್ತೀನಿ. ಇವತ್ತು ಇದು ಆಗ್ಲಿ" ಎಂದವಳೇ ಸೆರಗಿನ ಬೀಗದ ಕೈ ಹಾಕಿ ಬಾಗಿಲು ತೆಗೆದುಕೊಂಡು ಮನೆಗೆ ಹೋದಳು.

ನಾನು ಕೋಡುಬಳೆ ಮನೆಯ ಎದುರಿಗಿದ್ದ ಹಳೆಯದನ್ನು ಅಳಿಸಿ 'ದೊಡ್ಡಮನೆ' ಎಂದು ಬರೆದೆ. ಕಾಫಿ ಕುಡಿದೆ. ಅರ್ಧ ಗಂಟೆ ಕಳೆದಿರಬೇಕು, ತುಂಗಕ್ಕ ಬಂದಳು.

"ನೋಡಮ್ಮಾ, ದೊಡ್ಡಮನೆ ಅನ್ನಿಸ್ಕೊಳ್ಳೋ ಯೋಗ್ಯತೆ ನಂಗಿಲ್ಲ. ದೊಡ್ಡತನ ತೋರ್ಸಿದ್ದು ನಮ್ಮ ಸೀಬಿ. ಇನ್ಮೇಲೆ ದೊಡ್ಡಮನೆ ಅಂದ್ರೆ ಸೀಬಿಯ ಕೋಡುಬಳೆ ಮನೆಗೆ ಕಳ್ಸು. ಅವಳಿಗೆ ಹೇಳ್ಬೇಡ, ತಾನಾಗೇ ತಿಳ್ಕೊಳ್ಲಿ."

ನನ್ನ ಕಣ್ಣು ಒದ್ದೆಯಾಗಿತ್ತು. ಒದ್ದೆ ಕಣ್ಣಿನಲ್ಲಿ ಕಂಪ್ಯೂಟರ್ ಕೆಲಸ ಮಾಡಬಾರದು ಎಂದು ನನಗೆ ಯಾರೂ ಹೇಳಿಕೊಟ್ಟಿರಲಿಲ್ಲ. ದೊಡ್ಡಮನೆಯ ಎದುರಿಗಿದ್ದದ್ದನ್ನೂ ಅಳಿಸಿ 'ಕೋಡುಬಳೆ ಮನೆ' ಎಂದು ಬರೆದೆ. ಇಬ್ಬರ ಮನೆಯ ಅಸಲು ಹೆಸರುಗಳೂ ನನ್ನ ಕೈಯಿಂದಲೇ ಅಳಿಸಿಹೋದವು. ಎದೆ ತುಂಬಿ ಬಂದು ಪುಟ್ಟಸ್ವಾಮಯ್ಯನವರಿಗೆ ಅರ್ಧ ಬಾಳೆಹಣ್ಣು ಕೊಟ್ಟೆ.

ಮಧ್ಯಾಹ್ನ ಊಟದ ಡಬ್ಬಿ ತೊಳೆದಿಟ್ಟಿದ್ದೆನಷ್ಟೆ, ಬಾಗಿಲು ದಡಾರನೆ ತೆರೆದು ಮಾದೇಶ ಬಂದು ಬಿದ್ದ. ಮಾದೇಶ ಇಂದುಮತಿಯ ಗಂಡ. ಒಂದು ಕೈಯಲ್ಲಿ ಹರಳೆಣ್ಣೆ ಸೀಸೆ, ಇನ್ನೊಂದು ಕೈಯಲ್ಲಿ ಬೆಳ್ಳುಳ್ಳಿ ಗೊಂಚಲು, ಮೈಯೆಲ್ಲ ಬೆವರು.

"ಮೇಡಂ, ಮನೆ ಸಿಗ್ತಾ ಇಲ್ಲ!"

"ಯಾವ ಮನೆ?"

"ನಮ್ಮತ್ತೆ ಮನೆ! ಹೊಸಿಲು ದಾಟ್ತೀನಿ, ಕೋಣೆ. ದಾಟ್ತೀನಿ, ಕೋಣೆ. ಮೂವತ್ತು ದಾಟ್ದೆ ಮೇಡಂ, ಮೂವತ್ತು! ಇಂದುಗೆ ನೋವು ಶುರುವಾಗಿದೆ!"

ಅವನನ್ನು ಕೂರಿಸಿ ನೀರು ಕೊಟ್ಟ ಮೇಲೆ ವಿಷಯ ತಿಳಿಯಿತು. ಹನ್ನೆರಡಕ್ಕೆ ನೋವು ಕಾಣಿಸಿಕೊಂಡಿತ್ತು. ಮಾದೇಶ ಓಡಿಹೋಗಿ ಸೂಲಗಿತ್ತಿ ಚೌಡಮ್ಮನಿಗೆ ಹೇಳಿದ. "ನಾನು ಮುಂದೆ ಹೋಗಿರ್ತೀನಿ, ನೀನು ಹರಳೆಣ್ಣೆ ಬೆಳ್ಳುಳ್ಳಿ ತಗೊಂಡು ಬಾ" ಎಂದು ಚೌಡಮ್ಮ ಚೀಲ ಎತ್ತಿಕೊಂಡು, 'ಕೋಡುಬಳೆ ಮನೆ' ಎಂದು ಒತ್ತಿ ಹೊರಟುಬಿಟ್ಟಳು. ಇವನು ಅಂಗಡಿಯಲ್ಲಿ ಸಾಮಾನು ಕಟ್ಟಿಸುತ್ತ ಅಲ್ಲಿದ್ದವರಿಗೆಲ್ಲ ಹೇಳಿದ. ಅವರು ಮಿಕ್ಕವರಿಗೆ ಹೇಳಿದರು, ಸಿಕ್ಕಸಿಕ್ಕವರೆಲ್ಲ ತಂತಮ್ಮ ಬಾಗಿಲಿನಿಂದ ಸೀಬಮ್ಮನ ಮನೆಗೆ ಹೊರಟರು. ಆಮೇಲೆ ಇವನೂ ಅದೇ ಹೆಸರು ಒತ್ತಿ ಒಳಗೆ ಹೋದ. ಕೋಣೆಯ ಮೇಲೆ ಕೋಣೆ. ಒಂದು ಕೋಣೆಯಲ್ಲಿ ದೊಡ್ಡಮನೆಯ ಹೊಸ ಸುಣ್ಣದ ವಾಸನೆ, ಮುಂದಿನದರಲ್ಲಿ ಕೋಡುಬಳೆಯ ವಾಸನೆ, ಆಮೇಲೆ ಮತ್ತೆ ಸುಣ್ಣ, ಮತ್ತೆ ಕೋಡುಬಳೆ. ಎಲ್ಲೋ ಮುಂದೆ ಚೌಡಮ್ಮ ಬೈಯುವುದು ಕೇಳುತ್ತಿತ್ತು. ಎಷ್ಟು ಓಡಿದರೂ ಅವಳು ಸಿಗಲಿಲ್ಲ. ಕೊನೆಗೆ ಹೆದರಿ, ಎಣಿಸಿಕೊಂಡು ಮೂವತ್ತು ಹೊಸಿಲು ಹಿಂದಕ್ಕೆ ದಾಟಿ ಅಂಗಡಿಗೆ ಬಂದು, ಅಲ್ಲಿಂದ ನಮ್ಮಲ್ಲಿಗೆ ಬಂದಿದ್ದ.

"ಚೌಡಮ್ಮ ಹೋದ ವಾರಾನೇ ಹೇಳಿದ್ಲು, ಮಗು ಅಡ್ಡ ತಿರುಗ್ಕೊಂಡಿದೆ, ನಾನು ಬಾರ್ದೆ ಹೆರಿಗೆ ಆಗ್ಬಾರ್ದು ಅಂತ" ಎಂದು ಮಾದೇಶ ಬೆಳ್ಳುಳ್ಳಿಯನ್ನು ಎದೆಗೊತ್ತಿಕೊಂಡ.

ನನಗೆ ಯಾರೂ ಹೇಳಬೇಕಾಗಿರಲಿಲ್ಲ. ಕೋಡುಬಳೆ ಮನೆ ಅಂದರೆ ದೊಡ್ಡಮನೆ. ದೊಡ್ಡಮನೆ ಅಂದರೆ ಕೋಡುಬಳೆ ಮನೆ. ನನ್ನ ಪ್ರೋಗ್ರಾಂ ಪಾಪ, ಅಸಲು ಹೆಸರು ಸಿಗುವ ತನಕ ಕೇಳುತ್ತಲೇ ಇರು ಎಂದು ನಾನೇ ಹೇಳಿದ್ದೆನಲ್ಲ, ಕೇಳುತ್ತಲೇ ಇತ್ತು. ಒಳಗೆ ಹೋದವರು ನಡೆಯುತ್ತಲೇ ಇದ್ದರು.

"ಸೀಬಮ್ಮನ ಮನೆ ಅಸಲು ಹೆಸರು ಏನು, ಹೇಳಿ ಬೇಗ!"

"ನಂಗೇನು ಗೊತ್ತು ಮೇಡಂ? ನಾನು ಈ ಮನೆ ಅಳಿಯ!"

ಗೊತ್ತಿದ್ದವಳು ಸೀಬಮ್ಮ ಇರಬಹುದು. ಅವಳು ನೋವು ತಿನ್ನುವ ಮಗಳನ್ನು ಬಿಟ್ಟು ಹೊರಗೆ ಬರುವವಳಲ್ಲ. ಬೀಗದ ಕೈ ಅವಳ ಸೆರಗಿನಲ್ಲೇ ಇತ್ತು. ತುಂಗಕ್ಕನನ್ನು ಕೇಳೋಣವೆಂದರೆ ಅವಳ ಮನೆಯ ಹೆಸರೂ ಅದೇ ಸುತ್ತಿನಲ್ಲಿ ಸಿಕ್ಕಿತ್ತು. ಆರುನೂರ ನಲವತ್ತು ಅಸಲು ಹೆಸರಿನ ಪಟ್ಟಿ ನನ್ನ ಕಂಪ್ಯೂಟರಿನಲ್ಲಿತ್ತು, ಯಾವುದು ಯಾರ ಮನೆ ಎಂಬುದು ಅಡ್ಡಹೆಸರಿನಿಂದಲೇ ತಿಳಿಯಬೇಕು. ಅಡ್ಡಹೆಸರು ಅಂಟಿರದ ಅಸಲು ಹೆಸರುಗಳನ್ನಷ್ಟೇ ಆರಿಸಿ ನೋಡಿದೆ. ಇನ್ನೂರ ಹತ್ತು. ಅದರಲ್ಲೊಂದು ಸೀಬಮ್ಮನ ಮನೆ.

"ಬನ್ನಿ, ಒಂದೊಂದೇ ನೋಡೋಣ" ಎಂದು ಮಾದೇಶನನ್ನು ಎಳೆದುಕೊಂಡು ಹೊರಟೆ.

ಮೊದಲನೆಯ ಬಾಗಿಲು ತೆಗೆದರೆ ಒಬ್ಬ ಪೈಲ್ವಾನ ಅರ್ಧ ಮೀಸೆ ಬೋಳಿಸಿಕೊಂಡು ನಿಂತಿದ್ದ. ನಮ್ಮನ್ನು ಕಂಡು ಬೆಚ್ಚಿ ಮಿಕ್ಕ ಅರ್ಧವನ್ನೂ ಬೋಳಿಸಿಬಿಟ್ಟ. ಎರಡನೆಯ ಮನೆಯಲ್ಲಿ ಸಂಗೀತ ಪಾಠ; ಹನ್ನೊಂದು ಹೆಣ್ಣುಮಕ್ಕಳು ಒಟ್ಟಿಗೆ ಬಾಯಿ ತೆರೆದು ನಮ್ಮನ್ನೇ ನೋಡುತ್ತ ಶ್ರುತಿ ತಪ್ಪಿಸಿದರು. ಮೂರನೆಯ ಮನೆಯ ಮುದುಕ, "ನಂಗೆ ಅಡ್ಡಹೆಸ್ರೇ ಇಲ್ಲ, ಹನ್ನೆರಡು ವರ್ಷದಿಂದ ನಮ್ಮನೆಗೆ ಯಾರೂ ಬಂದಿಲ್ಲ" ಎಂದು ಬಾಗಿಲಿಗೆ ಅಡ್ಡ ನಿಂತು, ಮಜ್ಜಿಗೆ ಕುಡಿಯದೆ ಬಿಡುವುದಿಲ್ಲವೆಂದ. ಕುಡಿದೆವು. ಮಾದೇಶ ಅಳುತ್ತಲೇ ಎರಡು ಲೋಟ ಕುಡಿದ. ವಾಪಸು ಕಚೇರಿಗೆ ಬಂದು ಗಡಿಯಾರ ನೋಡಿದರೆ ಮೂರು ಮನೆಗೆ ಕಾಲು ಗಂಟೆ. ಇನ್ನೂರ ಹತ್ತು ಮುಗಿಯುವಷ್ಟರಲ್ಲಿ ಮಗು ಹುಟ್ಟಿ ಅಂಬೆಗಾಲಿಡಬಹುದಿತ್ತು. ಅಥವಾ ಆ ಇನ್ನೊಂದು ಮಾತು, ಅದನ್ನು ನಾನು ಯೋಚಿಸಲೂ ಹೋಗಲಿಲ್ಲ.

"ಏನಾಯ್ತಮ್ಮಾ?" ಎಂದರು ಪುಟ್ಟಸ್ವಾಮಯ್ಯನವರು. ಅದುವರೆಗೆ ಅವರು ಏನೂ ಕೇಳಿರಲಿಲ್ಲ.

ಹೇಳಿದೆ. ಗೋಡೆಯ ಮೇಲಿದ್ದ ನಲವತ್ತೊಂದು ಸಾಲನ್ನು ನೋಡಲಾಗದೆ ನೆಲ ನೋಡುತ್ತ ಹೇಳಿದೆ. "ತಪ್ಪು ನಂದೇ ಸಾರ್. ಎರಡೂ ಹೆಸರನ್ನ ಒಂದರ ಬಾಲ ಒಂದಕ್ಕೆ ಕಟ್ಟಿಬಿಟ್ಟಿದೀನಿ."

ಅವರು ಕನ್ನಡಕ ತೆಗೆದು ಒರೆಸಿಕೊಂಡರು. "ಸರಿ. ಮೊದ್ಲು ಒಳಗಿರೋರನ್ನ ಆಚೆ ತೆಗಿ. ಬೈಯೋದು ಆಮೇಲೆ."

ಆ ಮಾತಿನಿಂದ ನನ್ನ ತಲೆ ನೆಟ್ಟಗಾಯಿತು. ಸೀಬಮ್ಮನ ಮನೆಗೆ ದಾರಿ ಗೊತ್ತಿಲ್ಲದಿದ್ದರೇನು, ಆ ಸುತ್ತನ್ನು ಎಲ್ಲಿಗಾದರೂ ಬಿಚ್ಚಬಹುದಲ್ಲ! ನನಗೆ ಬಾಯಿಪಾಠವಿದ್ದ ಅಸಲು ಹೆಸರುಗಳಲ್ಲಿ ನಮ್ಮ ಕಚೇರಿಯದೂ ಒಂದು. ದೊಡ್ಡಮನೆ ಎಂಬುದರ ಎದುರಿಗೆ ಅದನ್ನು ಬರೆದರೆ ಒಳಗೆ ನಡೆಯುತ್ತಿರುವವರೆಲ್ಲ ಇಲ್ಲಿಗೇ ಬಂದು ಬೀಳುತ್ತಾರೆ. ಚೌಡಮ್ಮ ಬರುತ್ತಾಳೆ. ಅವಳ ಜೊತೆ ಇಡೀ ಊರು ಬಂದು ನನ್ನ ಮುಖ ನೋಡುತ್ತದೆ. ಒತ್ತಿದೆ.

ಮೊದಲು ಹಾಡು ಕೇಳಿಸಿತು. ಹೌದು, ಹಾಡು. ನೂರು ಕಾಲುಗಳ ದಪದಪ ಸದ್ದಿನ ಮೇಲೆ ಯಾರೋ ಎತ್ತಿಕೊಟ್ಟು ಎಲ್ಲರೂ ಒಟ್ಟಿಗೆ ಹೇಳುತ್ತಿದ್ದ ಸೋಬಾನೆ ಪದ. ಆಮೇಲೆ ಬಾಗಿಲು ತೆರೆದುಕೊಂಡಿತು. ಎಲ್ಲರಿಗಿಂತ ಮುಂದೆ ಚೌಡಮ್ಮ, ಅರವತ್ತೆಂಟರ ಹೆಂಗಸು, ಸೀರೆ ಎತ್ತಿ ಕಟ್ಟಿದ್ದಾಳೆ, ಚೀಲ ತಲೆಯ ಮೇಲಿದೆ, ಮುಖ ಕೆಂಪಗೆ ಬೆಂದಿದೆ. ಅವಳ ಹಿಂದೆ ಬಡಗಿ ತಿಮ್ಮಾಚಾರಿ, ತಲೆಯ ಮೇಲೆ ಹೊಸ ತೊಟ್ಟಿಲು. ಅವನ ಹಿಂದೆ ಬಿಸಿನೀರಿನ ಹಂಡೆ ಹೊತ್ತ ಇಬ್ಬರು. ನೀರು ಯಾವಾಗಲೋ ತಣ್ಣಗಾಗಿದೆ. ಆಮೇಲೆ ಹಳೇ ಮೆತ್ತನೆ ಬಟ್ಟೆ ಹಿಡಿದವರು, ಸಾಂಬ್ರಾಣಿ ಹಿಡಿದವರು, ಏನೂ ಹಿಡಿಯದೆ ಸುಮ್ಮನೆ ಬಂದವರು. ಎಪ್ಪತ್ತು ಜನ. ಎಲ್ಲರೂ ಮುಂದಿನ ಬಾಗಿಲೇ ಸೀಬಮ್ಮನದು, ಇನ್ನೊಂದೇ ಬಾಗಿಲು ಎಂದುಕೊಂಡು ಒಬ್ಬರೂ ಹಿಂದೆ ತಿರುಗದೆ ನಡೆದೇ ನಡೆದಿದ್ದರು. ನಮ್ಮ ಕಚೇರಿ ಆರು ಜನ ನಿಂತರೆ ತುಂಬುವ ಜಾಗ. ಕಡತಗಳ ಮೇಲೆ, ಮೇಜಿನ ಮೇಲೆ, ಕಿಟಕಿಯಲ್ಲಿ, ಎಲ್ಲೆಲ್ಲೂ ಜನ. ಪುಟ್ಟಸ್ವಾಮಯ್ಯನವರು ಕುರ್ಚಿಯ ಮೇಲೆ ಹತ್ತಿ ನಿಂತರು.

"ಯಾವಳೇ ಅವಳು, ನನ್ನ ಮಂಡಿ ಚಿಪ್ಪು ಸವೆಸಿದೋಳು?" ಎಂದು ಚೌಡಮ್ಮ ಗುಡುಗಿದಳು.

"ನಾನು ಚೌಡಮ್ಮ. ಬೈದುಬಿಡು, ಹೊಡೀ ಬೇಕಾದ್ರೆ. ಆದ್ರೆ ಸೀಬಮ್ಮನ ಮನೆ ಅಸಲು ಹೆಸರು ನಿಂಗೆ ಗೊತ್ತಾ?"

ನಮ್ಮಲ್ಲಿ ಮಗು ಹುಟ್ಟಿದ ಕೂಡಲೇ ಸೂಲಗಿತ್ತಿ ಅದರ ಕಿವಿಯಲ್ಲಿ ಮನೆಯ ಅಸಲು ಹೆಸರನ್ನು ಹೇಳಬೇಕು. ಎಲ್ಲರ ಕಿವಿಗೂ ಹೇಳಿದ್ದಾರೆ, ಯಾರಿಗೂ ನೆನಪಿಲ್ಲ. ಹೇಳಿದವಳಿಗೆ ನೆನಪಿರಬಹುದಲ್ಲ! ಇಂದುಮತಿ ಹುಟ್ಟಿದಾಗ ಹೆರಿಗೆ ಮಾಡಿಸಿದವಳು ಇದೇ ಚೌಡಮ್ಮ.

"ಗೊತ್ತಿಲ್ದೆ ಏನು?" ಎಂದಳು. "ನಿನ್ನ ಮಿಷಿನ್ನು ಬಂದ್ಮೇಲೆ ನಾನೂ ಸೋಮಾರಿ ಆದೆ, ಕೋಡುಬಳೆ ಅಂತ ಒತ್ತಿ ಹೊರಟೆ. ತಾಳು, ಹೇಳ್ತೀನಿ." ಬಾಯಿ ತೆರೆದಳು. ಮುಚ್ಚಿದಳು. "ನಡುವಿಂದ ಬರಲ್ಲ ಕಣೇ. ಮಗ್ಗಿ ಇದ್ದಂಗೆ ಅದು. ಮೊದಲಿಂದ ಹೇಳ್ಬೇಕು."

"ಮೊದಲಿಂದಲೇ ಹೇಳು!" ಎಂದು ಎಪ್ಪತ್ತು ಜನ ಒಟ್ಟಿಗೆ ಕಿರುಚಿದರು.

ಚೌಡಮ್ಮ ಕಣ್ಣು ಮುಚ್ಚಿಕೊಂಡು, ಚೀಲವನ್ನು ಎದೆಗವುಚಿಕೊಂಡು ಶುರು ಮಾಡಿದಳು. "ಕಾಲು ಮುಂದಾಗಿ ಬಂದ ಗಂಡು, ಕೆಂಪುಹಂಚು ಮೂಡಣಬಾಗಿಲು ಜೋಡಿಬಾವಿ. ಅಳ್ದೇ ಇದ್ದ ಹೆಣ್ಣು, ಕಲ್ಲುಚಪ್ಪಡಿ ಮುರುಕುಗೋಡೆ ನೆಲ್ಲಿಮರ. ಅವಳಿಜವಳಿ, ತಗ್ಗುಸೂರು ಐದುಕಂಬ ಬಿಳಿಗಣಗಿಲೆ..." ಉಸಿರು ಬಿಡದೆ, ಜರಡಿಯಿಂದ ಅಕ್ಕಿ ಸುರಿದ ಹಾಗೆ. ಯಾರೋ ಮೂಲೆಯಿಂದ "ಅವಳಿಜವಳಿ ಅಂದ್ರೆ ನಾನು! ನಾನೂ ನಮ್ಮಣ್ಣಾನೂ!" ಎಂದು ಕೂಗಿದರು. "ಶ್ಶ್!" ಎಂದರು ಉಳಿದವರು. ಇನ್ನೆರಡು ಹೆರಿಗೆ ದಾಟಿದ ಮೇಲೆ ತಿಮ್ಮಾಚಾರಿ ತೊಟ್ಟಿಲನ್ನು ಕೆಳಗಿಳಿಸಿ, "ಕೊರಳಿಗೆ ಬಳ್ಳಿ ಸುತ್ಕೊಂಡ ಗಂಡು ನಾನೇ, ನಮ್ಮವ್ವ ಹೇಳ್ತಿದ್ಲು" ಎಂದು ಮೆಲ್ಲಗೆ ಹೇಳಿ ಅಳತೊಡಗಿದ. ಐವತ್ತು ದಾಟಿತು, ಎಂಬತ್ತು ದಾಟಿತು. ಜನ ತಮ್ಮ ತಮ್ಮ ಮನೆ ಬಂದಾಗ ಕೈ ಎತ್ತುತ್ತಿದ್ದರು, ನಗುತ್ತಿದ್ದರು, ಪಕ್ಕದವರನ್ನು ತಬ್ಬಿಕೊಳ್ಳುತ್ತಿದ್ದರು. ನನ್ನದೂ ಬಂತು: "ಚುಕ್ಕೆಯಷ್ಟಗಲ ಮಚ್ಚೆ ಇದ್ದ ಹೆಣ್ಣು, ತೆಂಕಣಗಾಳಿ ಒಂಟಿಬೇವು ಎರಡುಮೆಟ್ಟಿಲು." ಮಾದೇಶ ಬಾಗಿಲಿನ ಹತ್ತಿರ ಒಂದು ಕಾಲು ಮುಂದಿಟ್ಟುಕೊಂಡು, ಓಟಕ್ಕೆ ನಿಂತವನಂತೆ ನಿಂತಿದ್ದ.

"...ಊರೇ ಎದ್ದು ಕೂರೋ ಹಂಗೆ ಕೂಗ್ಕೊಂಡು ಬಂದ ಹೆಣ್ಣು, ಬಡಗಣಬೆಳಕು ಜೋಡಿಹುಣಸೆ ನಾಲ್ಕುಕಿಟಕಿ. ಇದೇ! ಇದೇ ಇಂದುಮತಿ!"

ನಾನು ಒತ್ತಿದೆ. ಬಾಗಿಲು ತೆಗೆದೆ. ಕೋಣೆಯಿಲ್ಲ, ಸುಣ್ಣದ ವಾಸನೆಯಿಲ್ಲ, ನೇರ ಸೀಬಮ್ಮನ ಪಡಸಾಲೆ. ಒಳಮನೆಯಿಂದ ಇಂದುಮತಿಯ ನರಳಾಟ, "ಚೌಡಿ ಬಂದ್ಲಾ?" ಎಂದು ಸೀಬಮ್ಮನ ಒಡೆದ ದನಿ. ಚೌಡಮ್ಮ ಅರವತ್ತೆಂಟರ ಕಾಲಿನಲ್ಲಿ ಹಾರಿದಳು ಎಂದರೂ ಸರಿಯೇ. ಮಾದೇಶ ಹರಳೆಣ್ಣೆ ಸೀಸೆ ಹಿಡಿದು ಹಿಂದೆಯೇ ನುಗ್ಗಿದ. ಎಪ್ಪತ್ತು ಜನವೂ ನುಗ್ಗುವುದರಲ್ಲಿದ್ದರು; ನಾನು ಎರಡೂ ಕೈ ಚಾಚಿ ಬಾಗಿಲಿಗೆ ಅಡ್ಡ ನಿಂತೆ. ನನ್ನ ಪಕ್ಕದಲ್ಲಿ ಪುಟ್ಟಸ್ವಾಮಯ್ಯನವರು ಬಂದು ನಿಂತರು.

ಕಾದೆವು. ಎಪ್ಪತ್ತೆರಡು ಜನ ಒಂದು ಕಚೇರಿಯಲ್ಲಿ ಉಸಿರು ಹಿಡಿದುಕೊಂಡರೆ ಗೋಡೆಯ ಗಡಿಯಾರದ ಸದ್ದು ಕೊಡಲಿ ಏಟಿನಂತೆ ಕೇಳುತ್ತದೆ. ಒಳಗಿನಿಂದ ಚೌಡಮ್ಮನ ದನಿ ಬಿಟ್ಟು ಬಿಟ್ಟು ಬರುತ್ತಿತ್ತು. "ತಾಳು ಮಗಾ, ಈಗ ತಿಣುಕಬೇಡ. ತಿರುಗಿಸ್ತಾ ಇದೀನಿ. ತಿರುಗ್ತಾ ಇದೆ, ತಿರುಗ್ತಾ ಇದೆ, ಜಾಣೆ..." ಆಮೇಲೆ ಬಹಳ ಹೊತ್ತು ಏನೂ ಇಲ್ಲ. ತಿಮ್ಮಾಚಾರಿ ನನ್ನ ಕೈ ಹಿಡಿದುಕೊಂಡಿದ್ದ; ಅಥವಾ ನಾನೇ ಅವನದು ಹಿಡಿದುಕೊಂಡಿದ್ದೆನೋ.

ಆಮೇಲೆ ಕೇಳಿತು. ಅಬ್ಬಾ, ಅದೇನು ಕೂಗು! ತಾಯಿ ಹುಟ್ಟಿದಾಗ ಊರೇ ಎದ್ದು ಕೂತಿತ್ತಂತೆ, ಮಗಳ ಕೂಗಿಗೆ ಪುಟ್ಟಸ್ವಾಮಯ್ಯನವರ ಕನ್ನಡಕ ಮೂಗಿನಿಂದ ಜಾರಿತು. ಕಚೇರಿಯಲ್ಲಿ ಯಾರು ಯಾರನ್ನು ಎತ್ತಿ ಕುಣಿಸಿದರೋ ಲೆಕ್ಕವಿಲ್ಲ. ನನ್ನನ್ನು ಹಂಡೆ ಹೊತ್ತಿದ್ದ ಹೆಂಗಸು ಎತ್ತಿದಳು.

ಗದ್ದಲ ತಗ್ಗಿದಾಗ ನಾನು ಮೇಜು ಹತ್ತಿ ನಿಂತೆ. ಹೇಳದಿದ್ದರೆ ರಾತ್ರಿ ನಿದ್ದೆ ಬರುವುದಿಲ್ಲ ಎನ್ನಿಸಿತು. "ಎಲ್ಲರೂ ಕೇಳಿ. ಇವತ್ತು ನೀವು ದಾರಿ ತಪ್ಪಿದ್ದು ನನ್ನಿಂದ. ಒಂದು ಹೆಸರು ಇನ್ನೊಂದನ್ನ ತೋರ್ಸಿ, ಅದು ಮತ್ತೆ ಇದನ್ನೇ ತೋರಿಸೋ ಹಾಗೆ ಬರೆದುಬಿಟ್ಟೆ. ಒಂದು ಜೀವ, ಎರಡು ಜೀವ ಹೋಗ್ತಿತ್ತು. ಏನು ಶಿಕ್ಷೆ ಕೊಟ್ರೂ ಸರಿ."

ತಿಮ್ಮಾಚಾರಿ ತೊಟ್ಟಿಲಿಗೆ ಒರಗಿಕೊಂಡು ನಿಂತಿದ್ದವನು ಗಂಟಲು ಸರಿಮಾಡಿಕೊಂಡ.

"ಅದನ್ನ ಇನ್ನೊಂದ್ಸಲ ಮಾಡಕ್ಕಾಗತ್ತಾ?"

ನಾನು ತಪ್ಪು ಕೇಳಿಸಿಕೊಂಡೆನೆಂದುಕೊಂಡೆ. "ಯಾವುದನ್ನ?"

"ಆ ಸುತ್ತು. ಅಲ್ಲ ಮೇಡಂ, ಹೆರಿಗೆ ಭಯ ಇತ್ತು, ಇಲ್ಲ ಅನ್ನಲ್ಲ. ಆದ್ರೆ ಈ ಕುಂಬಾರ ಚಿಕ್ಕಣ್ಣ ಇದಾನಲ್ಲ, ಇಪ್ಪತ್ತು ವರ್ಷದಿಂದ ಇವನು ನಂಗೆ ಗೊತ್ತು. ಕೂತಿದ್ದಾಗ ನೋಡಿದೀನಿ, ನಿಂತಿದ್ದಾಗ ನೋಡಿದೀನಿ. ನಡೀತಾ ಇವತ್ತೇ ನೋಡಿದ್ದು. ಸ್ವಲ್ಪ ಕುಂಟ್ತಾನೆ. ಅವನು ಯಾಕೆ ಕುಂಟ್ತಾನೆ ಅಂತ ಹೇಳ್ತಾ ಇದ್ದ, ಅಷ್ಟರಲ್ಲಿ ನೀವು ಬಾಗಿಲು ತೆಗೆದುಬಿಟ್ರಿ."

"ನಂದೂ ಅರ್ಧ ಮಾತು ಅಲ್ಲೇ ನಿಂತಿದೆ" ಎಂದಳು ಹಂಡೆಯ ಹೆಂಗಸು. "ನಂದೂ" ಎಂದರು ಹಿಂದಿನಿಂದ ಯಾರೋ.

ಆಗ ನನಗೆ ಹೊಳೆಯಿತು. ಬೀದಿಯಿಲ್ಲದ ಊರಿನಲ್ಲಿ ಹುಟ್ಟಿ ಬೆಳೆದ ನಾವು ಒಬ್ಬರ ಪಕ್ಕದಲ್ಲಿ ಇನ್ನೊಬ್ಬರು ನಡೆದೇ ಇರಲಿಲ್ಲ. ಬಾಗಿಲಿನಿಂದ ಬಾಗಿಲಿಗೆ ದಾಟಿದವರು, ಅಷ್ಟೇ. ಆ ಮಧ್ಯಾಹ್ನ ನಮ್ಮೂರಿನ ಎಪ್ಪತ್ತು ಜನ ಮೊದಲ ಸಲ ಒಟ್ಟಿಗೆ ನಡೆದಿದ್ದರು.

ಪುಟ್ಟಸ್ವಾಮಯ್ಯನವರು ಆಮೇಲೆ ಬೈಯುತ್ತೇನೆ ಎಂದದ್ದನ್ನು ಮರೆಯಲಿಲ್ಲ. ಮಂಗಳವಾರ ಬೆಳಿಗ್ಗೆ ಸರಿಯಾಗಿ ಒಂದು ಗಂಟೆ ಬೈದರು. ಬೈಸಿಕೊಂಡು ಎದ್ದವಳು ಪ್ರೋಗ್ರಾಮನ್ನು ತಿದ್ದಿದೆ. ಈಗ ಹದಿನಾರು ಸಲ ಕೇಳಿದರೂ ಅಸಲು ಹೆಸರು ಸಿಗದಿದ್ದರೆ ಅದು ನಿಂತುಬಿಡುತ್ತದೆ, ಬಾಗಿಲು ತೆರೆಯುವುದೇ ಇಲ್ಲ, ನನ್ನ ಮೇಜಿನ ಮೇಲೆ ಗಂಟೆ ಬಾರಿಸುತ್ತದೆ. ಅಡ್ಡಹೆಸರು ಎಷ್ಟು ಸಲ ಬದಲಾದರೂ ಹಿಂದಿನ ಅಸಲು ಹೆಸರು ಅಳಿಸುವುದಿಲ್ಲ. ನಲವತ್ತೊಂದು ಸಾಲು ತೊಂಬತ್ತಮೂರು ಸಾಲಾಯಿತು. ಇದನ್ನು ಗೋಡೆಗೆ ತೂಗುಹಾಕಲಿಲ್ಲ. ಓರಗಿತ್ತಿಯರಿಬ್ಬರನ್ನೂ ಒಟ್ಟಿಗೆ ಕರೆಸಿ ಹೆಸರು ಹಂಚಿಕೊಳ್ಳಿ ಎಂದರೆ "ನೀನಿಟ್ಕೋ" "ಇಲ್ಲಕ್ಕಾ, ನೀನೇ ಇಟ್ಕೋ" ಎಂದು ಮೂರು ತಾಸು ಜಗ್ಗಾಡಿ, ಕೊನೆಗೆ ಸಿಟ್ಟಿಗೆದ್ದು ಅವರವರ ಹಳೆಯ ಹೆಸರನ್ನೇ ಬರೆಸಿಕೊಂಡು ಹೋದರು.

ಬುಧವಾರ ಊರಿನವರ ಅರ್ಜಿ ಬಂತು. ಇನ್ನೂರ ಎಂಟು ರುಜು. ಪುಟ್ಟಸ್ವಾಮಯ್ಯನವರು ಎರಡು ಸಲ ಓದಿ, "ನಿಯಮದಲ್ಲಿ ಇದಕ್ಕೆ ಜಾಗ ಇಲ್ಲವಲ್ಲಮ್ಮ" ಎಂದರು. ಮೂರನೆಯ ಸಲ ಓದಿ, "ಬೇಡ ಅಂತಾನೂ ಬರೆದಿಲ್ಲ" ಎಂದರು.

ಹಾಗಾಗಿ ಎರಡು ಹೊಸ ಅಡ್ಡಹೆಸರು ಬರೆದೆ. ಒಂದು 'ಹೀಗೇ', ಇನ್ನೊಂದು 'ಸುಮ್ಮನೆ'. ಹೀಗೇ ಅಂದರೆ ಸುಮ್ಮನೆ, ಸುಮ್ಮನೆ ಅಂದರೆ ಹೀಗೇ. ಅವೆರಡರ ಹಿಂದೆ ಯಾವ ಮನೆಯೂ ಇಲ್ಲ. ಹದಿನಾರರ ಕಟ್ಟು ಅವಕ್ಕೆ ಮಾತ್ರ ಅನ್ವಯಿಸುವುದಿಲ್ಲ. ಸಾಕೆನಿಸಿದಾಗ ಗೋಡೆಯನ್ನು ಎರಡು ಸಲ ತಟ್ಟಿದರೆ ಹೊರಟಲ್ಲಿಗೇ ಬಾಗಿಲು ತೆರೆದುಕೊಳ್ಳುತ್ತದೆ. ಮೊದಲ ಸಂಜೆಯೇ ಅಲ್ಲಿ ನಿಲ್ಲಲು ಜಾಗವಿರಲಿಲ್ಲ, ಆದರೆ ಅಲ್ಲಿ ಯಾರಿಗೂ ನಿಲ್ಲಬೇಕಾಗಿಯೂ ಇರಲಿಲ್ಲ. ತಿಮ್ಮಾಚಾರಿ ಚಿಕ್ಕಣ್ಣನ ಹೆಗಲ ಮೇಲೆ ಕೈ ಹಾಕಿಕೊಂಡು ಕುಂಟಿನ ಕಥೆಯನ್ನು ಪೂರ್ತಿ ಕೇಳಿದ. ಹನ್ನೆರಡು ವರ್ಷ ಅತಿಥಿಯಿಲ್ಲದಿದ್ದ ಮುದುಕ ಮಜ್ಜಿಗೆ ಕೊಡವನ್ನೇ ಹೊತ್ತುಕೊಂಡು ಬಂದಿದ್ದ.

ಪುಟ್ಟಸ್ವಾಮಯ್ಯನವರು ಮಾತ್ರ ಬರಲೊಲ್ಲರು. ಮೂರು ತಿಂಗಳು ಕರೆದೆ. "ನನ್ನ ಮನೆಯಿಂದ ಈ ಕುರ್ಚಿಗೆ ಹನ್ನೊಂದು ಹೆಜ್ಜೆ. ಮೂವತ್ತೆರಡು ವರ್ಷ ಅಷ್ಟೇ ನಡೆದಿರೋದು. ಕಾಲು ಕೇಳಲ್ಲ" ಎನ್ನುತ್ತಿದ್ದರು. ಒಂದು ಸಂಜೆ ಕಚೇರಿ ಮುಚ್ಚುವಾಗ ನೋಡಿದರೆ, ಅವರೇ ಬಾಗಿಲ ಬಳಿ ನಿಂತು ಒಂದೊಂದೇ ಅಕ್ಷರ ಹುಡುಕಿ 'ಸುಮ್ಮನೆ' ಎಂದು ಒತ್ತುತ್ತಿದ್ದಾರೆ. ನಾನು ಪಕ್ಕದಲ್ಲಿ ಹೋಗಿ ನಿಂತೆ. ಒಳಗೆ ಹೋದೆವು. ನಮ್ಮ ಮುಂದೆ ಇಂದುಮತಿ ಮಗಳನ್ನು ಹೆಗಲಿಗೆ ಹಾಕಿಕೊಂಡು ನಡೆಯುತ್ತಿದ್ದಳು. ಮಗು ನಮ್ಮಿಬ್ಬರನ್ನೂ ನೋಡುತ್ತ ಹಿಂದಕ್ಕೆ ಹಿಂದಕ್ಕೆ ಹೋಗುತ್ತಿತ್ತು. ಹತ್ತು ಹೊಸಿಲು ದಾಟುವಷ್ಟರಲ್ಲಿ ಪುಟ್ಟಸ್ವಾಮಯ್ಯನವರು ಏದುಸಿರು ಬಿಡತೊಡಗಿದರು. ಇಪ್ಪತ್ತರ ಹೊತ್ತಿಗೆ ನನ್ನ ಭುಜ ಹಿಡಿದುಕೊಂಡರು.

"ಇನ್ನೂ ಎಷ್ಟಿದೆಯಮ್ಮಾ?"

"ಮುಗಿಯೋದೇ ಇಲ್ಲ ಸಾರ್."

ಅವರು ನಿಂತರು. ನಾನು ಗೋಡೆ ತಟ್ಟಲು ಕೈ ಎತ್ತಿದೆ. ಅವರು ಬಗ್ಗಿ, ಎರಡೂ ಚಪ್ಪಲಿಗಳನ್ನು ಬಿಚ್ಚಿ, ಕಂಕುಳಲ್ಲಿ ಸಿಕ್ಕಿಸಿಕೊಂಡು, ನನ್ನನ್ನೂ ಇಂದುಮತಿಯನ್ನೂ ಹಿಂದೆ ಹಾಕಿ ಬಿರಬಿರನೆ ನಡೆದುಬಿಟ್ಟರು.